ಸ್ಪೇನಿನ ರಾಣಿಗೆ ಜುಟ್ಟಿನ ಕಾಯಿ

ಟೂರಿಗೆ ಜನರನ್ನು ಕರೆದುಕೊಂಡು ಹೋಗುವವರ ಹಣೆಯಲ್ಲಿ ಬ್ರಹ್ಮ ಒಂದು ಸಾಲು ಜಾಸ್ತಿ ಬರೆದಿರುತ್ತಾನೆ ಎಂದು ನನಗೆ ಬಲವಾದ ಅನುಮಾನ. ‘ಇವಳ ಜೊತೆ ಬಂದವರು ಯಾವ ಹಬ್ಬವನ್ನೂ ಸುಮ್ಮನೆ ನೋಡಿಕೊಂಡು ಹೋಗತಕ್ಕದ್ದಲ್ಲ’ ಅಂತ. ಇಲ್ಲದಿದ್ದರೆ ಅಷ್ಟು ವರ್ಷ ಅಷ್ಟು ಜನರನ್ನು ಕರೆದುಕೊಂಡು ಹೋದ ನನಗೆ, ಒಂದು ಸಲವಾದರೂ ಕೈ ಬೀಸಿಕೊಂಡು ವಾಪಸ್ಸು ಬರುವ ಯೋಗ ಇರಬೇಕಿತ್ತಲ್ಲ?

ಎಪ್ಪತ್ತರ ದಶಕದಲ್ಲಿ ನಾನು ಷಿಕಾಗೋ ಡೌನ್‌ಟೌನಿನ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮೈಸೂರಿನಿಂದ ಬಂದವಳು, ಯಜಮಾನರು ಇಂಜಿನಿಯರು, ಮನೆಯಲ್ಲಿ ಕೂತು ಹಿಮ ನೋಡಿ ನೋಡಿ ಬೇಜಾರಾಗಿ ಕೆಲಸ ಹಿಡಿದಿದ್ದೆ. ಆಫೀಸಿನ ಮಾಲೀಕ ವಯಸ್ಸಾದ ಅಮೆರಿಕನ್. ಪ್ರಪಂಚವನ್ನೆಲ್ಲ ಮಾರುತ್ತಿದ್ದ, ತಾನು ಮಾತ್ರ ಜನ್ಮದಲ್ಲಿ ವಿಮಾನ ಹತ್ತಿರಲಿಲ್ಲ. ಆ ಆಫೀಸಿನ ದೊಡ್ಡ ಟೂರು ಅಂದರೆ ಅಕ್ಟೋಬರಿನಲ್ಲಿ ಸ್ಪೇನಿನ ಜರಗೋಜಾ ಊರಿನ ಬೀದಿ ಹಬ್ಬ. ಕಂಬದ ಮೇಲೆ ನಿಂತ ಮೇರಿಯಮ್ಮನ ಹಬ್ಬ ಅದು. ಊರಿನವರೆಲ್ಲ ಹಳೆಯ ಕಾಲದ ಉಡುಪು ಹಾಕಿಕೊಂಡು ಹೂ ಹಿಡಿದು ಮೆರವಣಿಗೆ ಹೋಗುತ್ತಾರೆ, ಎರಡಾಳೆತ್ತರದ ರಾಜ ರಾಣಿ ಗೊಂಬೆಗಳು ಬ್ಯಾಂಡಿಗೆ ತಕ್ಕಂತೆ ಕುಣಿಯುತ್ತವೆ, ಪ್ರವಾಸಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ಇಷ್ಟೇ. ನಮ್ಮವರು ಹೋಗುವ ತನಕ ಇಷ್ಟೇ ಇತ್ತು.

೧. ದಾರಿಯಲ್ಲೇ ಇದೆಯಲ್ಲ

ಆಗ ಇಂಡಿಯಾದ ಟಿಕೆಟ್ ತೆಗೆದುಕೊಂಡರೆ ದಾರಿಯಲ್ಲಿ ಬರುವ ಊರುಗಳಲ್ಲಿ ಇಳಿದು ಹತ್ತಬಹುದಿತ್ತು. ಈ ಸೌಲಭ್ಯವನ್ನು ಕಂಡುಹಿಡಿದವನಿಗೆ ನಮ್ಮ ಜನದ ಪರಿಚಯ ಇರಲಿಲ್ಲ. ಒಂದು ದಿನ ಡೆಟ್ರಾಯ್ಟ್ ಹತ್ತಿರದ ವಿಕ್ಸಮ್‌ನಿಂದ ಒಬ್ಬರು ಬಂದರು. ಕಾರಿನ ಬಿಡಿಭಾಗ ಮಾಡುವ ಕಡೆ ಇಂಜಿನಿಯರು, ಮೈಸೂರಿನ ಅಗ್ರಹಾರದವರು. ವಿಕ್ಸಮ್ ರಾಯರು ಎಂದೇ ಇಟ್ಟುಕೊಳ್ಳೋಣ. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು, ಕಂಕುಳಲ್ಲಿ ಗೋಡೆಗೆ ಹಾಕುವಷ್ಟು ದೊಡ್ಡ ಭೂಪಟ ಇಟ್ಟುಕೊಂಡು ಬಂದಿದ್ದರು.

"ನೋಡಮ್ಮಾ, ಬೆಂಗಳೂರಿಗೆ ಹೋಗ್ತಾ ಲಂಡನ್, ಪ್ಯಾರಿಸ್, ಈ ಸ್ಪೇನು, ರೋಮು, ಕೈರೋ. ಬರ್ತಾ ಟೋಕಿಯೋ."

"ರಾಯರೇ, ಟೋಕಿಯೋ ಆ ಕಡೆ ಬರುತ್ತೆ. ಇದು ದಾರಿಯಲ್ಲಿಲ್ಲ."

ರಾಯರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ಕರುಣೆಯಿಂದ ನೋಡಿದರು. "ಭೂಮಿ ಗುಂಡಗಿದೆ ಅಂತ ನಿಮಗೆ ಶಾಲೇಲಿ ಹೇಳಿಕೊಟ್ಟಿಲ್ವೇ? ಗುಂಡಗಿರೋ ಭೂಮಿ ಮೇಲೆ ಎಲ್ಲಾ ಊರೂ ದಾರಿಯಲ್ಲೇ ಇರುತ್ತೆ."

ಮಾಲೀಕನಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಬಹಳ ಹೊತ್ತು ಯೋಚನೆ ಮಾಡಿ, ಈ ಮನುಷ್ಯ ನಮ್ಮಲ್ಲಿ ಕೆಲಸಕ್ಕೆ ಬರುತ್ತಾನಾ ಕೇಳು ಎಂದ.

೨. ದೇವರ ಪ್ರಾಬ್ಲಮ್

ಆ ವರ್ಷ ನಮ್ಮ ನವರಾತ್ರಿಯೂ ಅವರ ಹಬ್ಬವೂ ಒಂದೇ ವಾರ ಬಿದ್ದಿದ್ದವು. ಸೆಪ್ಟೆಂಬರಿನಲ್ಲಿ ಡೆಟ್ರಾಯ್ಟ್ ಕಡೆಯಿಂದ ಒಬ್ಬ ಡಾಕ್ಟರು ಫೋನ್ ಮಾಡಿದರು. ಧಾರವಾಡದವರು, ಮಾತಿನಲ್ಲಿ ಅವಸರವೇ ಇಲ್ಲ.

"ಮೇಡಂ, ನಮ್ಮವ್ವಂದು ಒಂದು ಪ್ರಾಬ್ಲಮ್ ಆಗೇದ್ರೀ."

"ಆರೋಗ್ಯ ಸರಿಯಿಲ್ವಾ?"

"ಆರೋಗ್ಯ ಆಗಿದ್ರ ನಾನ ನೋಡ್ಕೋತಿದ್ನೆಲ್ರೀ. ಇದು ದೇವರ ಪ್ರಾಬ್ಲಮ್."

ವಿಷಯ ಇಷ್ಟು. ಸೊಸೆಯ ಬಾಣಂತನಕ್ಕೆ ಅಂತ ತಾಯಿ ಬೇಸಿಗೆಯಲ್ಲಿ ಬಂದಿದ್ದರು. ಹೆರಿಗೆ ತುಂಬ ಕಷ್ಟವಾಯಿತು. ಒಳಗೆ ಡಾಕ್ಟರುಗಳು ಒದ್ದಾಡುತ್ತಿದ್ದಾಗ ಅವ್ವ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, ತಾಯಿ ಮಗು ಇಬ್ಬರೂ ನೆಟ್ಟಗಾದರೆ ಬರುವ ನವರಾತ್ರಿಯಲ್ಲಿ ದೇವಿಯ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತರು. ಅಕ್ಕಿ, ರವಿಕೆಯ ಖಣ, ಬಳೆ, ಅರಿಶಿನದ ಕೊಂಬು, ಹಣ್ಣು, ಕಾಯಿ, ಎಲ್ಲ ದೇವಿಯ ಮಡಿಲಿಗೆ ಹಾಕುವ ಹರಕೆ. ಇಬ್ಬರೂ ಉಳಿದರು, ಹೆಣ್ಣುಮಗು. ಆ ನವರಾತ್ರಿಗೆ ಒಂದೇ ತಿಂಗಳು ಉಳಿದಿತ್ತು. ಈಗೇನೋ ಷಿಕಾಗೋ ಹತ್ತಿರದ ಲೆಮಾಂಟ್‌ನಲ್ಲಿ ದೇವಸ್ಥಾನವಿದೆ, ಪ್ಲೇನ್‌ಫೀಲ್ಡ್‌ನ ನಮ್ಮ ಮನೆಯಿಂದ ಸಾರು ಕುದಿಯಲು ಇಟ್ಟು ಹೋಗಿ ಬರಬಹುದು. ಆಗ ಇಡೀ ಇಲಿನಾಯ್, ಮಿಷಿಗನ್ ಹುಡುಕಿದರೂ ಒಂದು ಗುಡಿ ಇರಲಿಲ್ಲ. ಊರಿಗೆ ಒಬ್ಬರನ್ನೇ ಕಳಿಸೋಣವೆಂದರೆ ಅವ್ವನಿಗೆ ಇಂಗ್ಲಿಷ್ ಬಾರದು. ಜೊತೆಗೆ ಜನ ಸಿಗುವುದು ನಮ್ಮ ತಂಡದಲ್ಲಿ ಮಾತ್ರ. ನಮ್ಮ ತಂಡವೋ, ನವರಾತ್ರಿ ಕಳೆಯುವ ತನಕ ಸ್ಪೇನಿನಲ್ಲಿ ಹಬ್ಬ ನೋಡುತ್ತಿರುತ್ತದೆ.

ಅಷ್ಟರಲ್ಲಿ ಅವ್ವ ಫೋನ್ ಕಿತ್ತುಕೊಂಡರು. "ತಂಗೀ, ಆ ಊರಾಗ ದೇವಿ ಅದಾಳೇನು?"

"ಇದ್ದಾಳೆ ಅವ್ವಾ. ಕಂಬದ ಮೇಲೆ ನಿಂತಿದ್ದಾಳೆ. ಹೊದಿಸೋ ಸೀರೆ ಥರದ್ದನ್ನ ದಿನಾ ಬದಲಾಯಿಸ್ತಾರಂತೆ."

"ದಿನಾ?"

"ದಿನಾ."

"ಕೈಯಾಗ ಏನು ಹಿಡದಾಳ? ತ್ರಿಶೂಲೋ, ಖಡ್ಗೋ?"

"ಮಗು."

"ಹಂಗಾರ ಆಕೀನೂ ಬಾಣಂತಿ. ನನ್ನ ಮಾತು ಆಕಿಗೆ ತಿಳೀತದ" ಎಂದರು. ನನ್ನ ಕಣ್ಣು ಒದ್ದೆಯಾಯಿತು. ಅದು ಇಗರ್ಜಿ, ಉಡಿ ತುಂಬಲು ಬಿಡುತ್ತಾರೋ ಇಲ್ಲವೋ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ ದನಿ ಬಂತು.

"ಮೇಡಂ, ಏನು ಹೇಳಿದ್ರೀ ನೀವು? ಅವ್ವ ಆಗಲೇ ಅಡಿಗಿಮನಿಗೆ ಹೋಗಿ ಅಕ್ಕಿ ಅಳ್ಯಾಕ ಹತ್ಯಾಳ. ಹೋಗೂದು ಇನ್ನ ಮುಂದಿನ ತಿಂಗಳಲ್ರೀ?"

೩. ಜುಟ್ಟು

ಅಕ್ಕಿ ಸಿಕ್ಕಿತು, ಖಣ ಅವ್ವನ ಪೆಟ್ಟಿಗೆಯಲ್ಲೇ ಇತ್ತು. ತೊಂದರೆ ಕೊಟ್ಟಿದ್ದು ತೆಂಗಿನಕಾಯಿ. ಅಮೆರಿಕದ ಸೂಪರ್ ಮಾರ್ಕೆಟ್ಟಿನ ಕಾಯಿಗೆ ಜುಟ್ಟು ಇರುವುದಿಲ್ಲ. ಮಂಡೆ ಬೋಳಿಸಿ ನುಣ್ಣಗೆ ಮಾಡಿ ಇಟ್ಟಿರುತ್ತಾರೆ. ಅವ್ವ ಅದನ್ನು ನೋಡಿ ಮುಖ ತಿರುಗಿಸಿಬಿಟ್ಟರು. "ಬೋಳು ಕಾಯಿ ದೇವಿ ಉಡಿಗೆ ಹಾಕ್ತಾರೇನು? ಬ್ಯಾಡ." ಡಾಕ್ಟರು ಆಸ್ಪತ್ರೆ ಮುಗಿಸಿ ಡೆಟ್ರಾಯ್ಟಿನ ಅಂಗಡಿಯೆಲ್ಲ ಅಲೆದರು. ಎಲ್ಲ ಕಡೆ ಬೋಳೇ.

ಸುದ್ದಿ ವಿಕ್ಸಮ್ ರಾಯರಿಗೆ ಹೋಯಿತು. ಅವರೂ ಅದೇ ತಂಡದಲ್ಲಿ ಹೊರಟಿದ್ದರಲ್ಲ. "ಕಾಯಿ ನೀವು ತನ್ನಿ, ಜುಟ್ಟು ನನಗೆ ಬಿಡಿ" ಅಂದರು. ಇಂಜಿನಿಯರು ಸುಮ್ಮನೆ ಆಗುತ್ತಾರೆಯೇ? ಅವರ ಮನೆಗೆ ಆಗಷ್ಟೇ ತೆಂಗಿನ ನಾರಿನ ಹೊಸ ಡೋರ್‌ಮ್ಯಾಟ್ ತಂದಿದ್ದರು, ಇನ್ನೂ ಯಾರೂ ಕಾಲಿಟ್ಟಿರಲಿಲ್ಲ. ಅದರ ಮೂಲೆಯಿಂದ ಒಂದು ಹಿಡಿ ನಾರು ಕಿತ್ತು, ಕಾರಿನ ಬಾಗಿಲಿಗೆ ರಬ್ಬರ್ ಅಂಟಿಸುವ ಗೋಂದಿನಲ್ಲಿ ಕಾಯಿಯ ತಲೆಗೆ ಅಂಟಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಫ್ರೀಜರಿನಲ್ಲಿ ಇಟ್ಟರು, ಓವನ್ನಿನಲ್ಲಿ ಇಟ್ಟರು, ಕೊನೆಗೆ ಜುಟ್ಟಿಗೆ ಹಗ್ಗ ಕಟ್ಟಿ ಗ್ಯಾರೇಜಿನ ತೊಲೆಯಿಂದ ನೇತುಹಾಕಿ, ತಮ್ಮ ಒಂಬತ್ತು ವರ್ಷದ ಮಗಳನ್ನು ಅದಕ್ಕೆ ಜೋತುಬೀಳಲು ಹೇಳಿದರು. "ನೋ, ಡ್ಯಾಡಿ" ಎಂದು ಅವಳು ಒಳಗೆ ಓಡಿದಳಂತೆ. ಮಗಳ ಬದಲು ಟೂಲ್‌ಬಾಕ್ಸ್ ತೂಗುಹಾಕಿದರು. ಜುಟ್ಟು ಜಗ್ಗಲಿಲ್ಲ.

ಮ್ಯಾಟಿನ ಮೇಲೆ ‘ವೆಲ್ಕಮ್’ ಅಂತ ಇಂಗ್ಲಿಷಿನಲ್ಲಿ ಕಪ್ಪು ಅಕ್ಷರ ಇತ್ತು. ಮೊದಲನೆಯ ಅಕ್ಷರ ಪೂರ್ತಿ ಜುಟ್ಟಿಗೆ ಹೋಗಿತ್ತು. ಹಾಗಾಗಿ ನಾರೆಲ್ಲ ಕರ್ರಗೆ ಮಿರಮಿರ. ಅಂಟಿಸಿದ್ದು ಅಂತ ಅವ್ವನಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವರು ಕಾಯಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಸಂತೋಷದಿಂದ ಜುಟ್ಟು ನೇವರಿಸಿದರು.

"ಎಷ್ಟು ಕರ್ರಗ ಅದ ನೋಡ್ರಿ. ನಮ್ಮ ಕಡೆ ಕಾಯಿಗೆ ಕೂದಲಾ ಕೆಂಪಗ ಇರ್ತಾವ. ಈ ದೇಶದಾಗ ಕಾಯಿ ಸೈತ ಡೈ ಮಾಡ್ಕೋತಾವೇನೋ."

೪. ರೋಗಿಗಳ ತಂಡ

ಹೋಟೆಲಿಗೆ ಮೊದಲೇ ಟೆಲೆಕ್ಸ್ ಕಳಿಸಿದ್ದೆ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮದ್ಯ ಬೇಡ. ಜೊತೆಗೆ ಬರುವವರ ಹೆಸರುಗಳು. ನಮ್ಮ ಜನವಲ್ಲವೇ, ಅರ್ಧಕ್ಕರ್ಧ ಹೆಸರುಗಳ ಮುಂದೆ ಡಾಕ್ಟರ್ ಎಂದಿತ್ತು.

ಹೋಟೆಲಿನವರು ಕೂತು ಲೆಕ್ಕ ಹಾಕಿದ್ದಾರೆ. ಸ್ಪೇನಿಗೆ ಬಂದು, ಹಬ್ಬದ ವಾರದಲ್ಲಿ, ಏನನ್ನೂ ತಿನ್ನದ ಏನನ್ನೂ ಕುಡಿಯದ ಜನ, ಜೊತೆಗೆ ಇಷ್ಟೊಂದು ಡಾಕ್ಟರುಗಳು. ಪಾಪ, ಏನು ಕಾಯಿಲೆಯೋ. ನಮ್ಮ ಬಸ್ಸು ನಿಂತಾಗ ಬಾಗಿಲಲ್ಲಿ ಗಾಲಿಕುರ್ಚಿಗಳು ಸಾಲಾಗಿ ನಿಂತಿದ್ದವು. ಎಲ್ಲರಿಗೂ ನೆಲಮಹಡಿಯಲ್ಲೇ ರೂಮು. ಊಟಕ್ಕೆ ಉಪ್ಪಿಲ್ಲದೆ ಬೇಯಿಸಿದ ಕ್ಯಾರೆಟ್. ಒಬ್ಬ ನರ್ಸಮ್ಮನನ್ನೂ ಕರೆಸಿದ್ದರು.

ಅವ್ವ ಬಿಟ್ಟರೆ ಉಳಿದವರಿಗೆಲ್ಲ ಅವಮಾನ. ಅವ್ವ ಮಾತ್ರ ಗಾಲಿಕುರ್ಚಿಯಲ್ಲಿ ಠೀವಿಯಿಂದ ಕೂತು, ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಹಿರ್ಯಾರಿಗೆ ಮರ್ಯಾದಿ ಕೊಡೂದು ಇವರನ್ನ ನೋಡಿ ಕಲೀಬೇಕು" ಎನ್ನುತ್ತ ಒಳಗೆ ಹೋದರು.

ನಾನು ಮುರುಕು ಸ್ಪ್ಯಾನಿಷ್‌ನಲ್ಲಿ ವಿವರಿಸಲು ಹೋದೆ. ನನ್ನ ಸ್ಪ್ಯಾನಿಷ್ ಅಂದರೆ ಷಿಕಾಗೋದಲ್ಲಿ ನಮ್ಮ ಆಫೀಸಿನ ಕೆಳಗಿದ್ದ ಮೆಕ್ಸಿಕನ್ ಅಂಗಡಿಯವಳು ಕಲಿಸಿದ್ದು, ಅದರಲ್ಲಿ ಟೊಮೆಟೊ ಈರುಳ್ಳಿಯೇ ಹೆಚ್ಚು. ನರ್ಸಮ್ಮ ಕೇಳಿಸಿಕೊಳ್ಳಲೇ ಇಲ್ಲ, ಎಲ್ಲರ ತೋಳಿಗೂ ಪಟ್ಟಿ ಸುತ್ತಿ ಬ್ಲಡ್ ಪ್ರೆಷರ್ ನೋಡಿದಳು. ಎಲ್ಲರದೂ ಸರಿಯಿತ್ತು. ಒಬ್ಬರದು ಮಾತ್ರ ಮೇಲಕ್ಕೆ ಹೋಗಿತ್ತು. ಅವರನ್ನು ಚೆನ್ನಾಗಿ ಗದರಿಸಿ ಹಬ್ಬ ನೋಡಲು ಬಿಡದೆ ಮಧ್ಯಾಹ್ನವೆಲ್ಲ ಮಲಗಿಸಿದಳು. ಅವರು ಷಿಕಾಗೋದ ಹೃದಯದ ಡಾಕ್ಟರು.

೫. ಓಡಿಸಲು ಬಂದವನು

ಆ ಹಬ್ಬದಲ್ಲಿ ದೊಡ್ಡತಲೆಯವರು ಅಂತ ಇರುತ್ತಾರೆ. ಕಾಗದಕ್ಕೆ ಅಂಟು ಕಲಸಿ ಮಾಡಿದ ಗುಡಾಣದಂಥ ತಲೆ ಹಾಕಿಕೊಂಡು, ಕೈಯಲ್ಲಿ ಕುಂಚ ಹಿಡಿದು ಬೀದಿಯಲ್ಲಿ ಸಿಕ್ಕವರನ್ನು ಅಟ್ಟಿಸಿಕೊಂಡು ಹೊಡೆಯುತ್ತಾರೆ. ಜನ ಕಿರುಚಿಕೊಂಡು ಓಡಬೇಕು. ಅದೇ ಮಜಾ. ನಾನು ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದೆ.

ಒಂದು ಓಣಿಯ ತಿರುವಿನಲ್ಲಿ ಒಬ್ಬ ದೊಡ್ಡತಲೆ ಹಾರಿಕೊಂಡು ಬಂದ. ಊರಿನವರು ಕಿರುಚಿ ಚದುರಿದರು. ನಡುಬೀದಿಯಲ್ಲಿ ನಮ್ಮವರು ಮಾತ್ರ ಉಳಿದರು. ಅವ್ವ ಮುಂದೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಮುಗಿದು ತಲೆ ತಗ್ಗಿಸಿದರು. ನವಿಲುಗರಿಯ ಕುಂಚದಿಂದ ತಲೆ ಮುಟ್ಟಿ ಆಶೀರ್ವಾದ ಮಾಡುವವರನ್ನು ಅವರು ಊರಿನಲ್ಲಿ ಎಷ್ಟು ಕಂಡಿದ್ದರೋ.

ದೊಡ್ಡತಲೆ ನಿಂತುಬಿಟ್ಟ. ಕುಂಚ ಎತ್ತಿದ್ದು ಎತ್ತಿದಂತೆಯೇ ಇತ್ತು. ಸುಮ್ಮನೆ ಒಂದು ಸಲ ಮೆಲ್ಲಗೆ ಮುಟ್ಟಿಸಿದ. ಮುಗಿಯಿತೇ? ಅವ್ವನ ಹಿಂದೆ ರಾಯರ ಹೆಂಡತಿ, ಅವರ ಹಿಂದೆ ಹೃದಯದ ಡಾಕ್ಟರು, ಅವರ ಹಿಂದೆ ಇಡೀ ತಂಡ ಸಾಲು ಕಟ್ಟಿತು. "ಮಗೂಗೆ ಸ್ವಲ್ಪ ಜೋರಾಗಿ ಹಾಕಪ್ಪಾ, ಓದೋದಿಲ್ಲ ಇವಳು" ಎಂದು ರಾಯರು ಮಗಳನ್ನು ಮುಂದೆ ತಳ್ಳಿದರು.

ಆ ಮನುಷ್ಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತನ್ನ ದೊಡ್ಡ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ ದಾರಿಯಲ್ಲೇ ಓಡಿಹೋದ. ಅಟ್ಟಿಸಿಕೊಂಡು ಹೋದವರು ನಮ್ಮವರು.

೬. ಊರಿನ ಸಾಂಪ್ರದಾಯಿಕ ಉಡುಪು

ಹೂವಿನ ಮೆರವಣಿಗೆಯ ದಿನ ಒಂದು ಕಟ್ಟುನಿಟ್ಟು ಇತ್ತು. ಸಾಂಪ್ರದಾಯಿಕ ಉಡುಪು ಹಾಕಿದವರಿಗೆ ಮಾತ್ರ ಸಾಲಿನೊಳಗೆ ಪ್ರವೇಶ, ಉಳಿದ ಪ್ರವಾಸಿಗಳು ಹಗ್ಗದ ಆಚೆ. ನಮ್ಮ ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು. ಹಗ್ಗದ ಹತ್ತಿರ ನಿಂತವನು ಸೀರೆಗಳನ್ನು ನೋಡಿ ಬಗ್ಗಿ ನಮಸ್ಕಾರ ಮಾಡಿ ಒಳಗೆ ಬಿಟ್ಟ. ಅವ್ವ ಇಳಕಲ್ ಸೀರೆಯಲ್ಲಿ ಹೂ ಹಿಡಿದು ಮುಂದೆ, ಉಳಿದ ಹೆಂಗಸರು ಹಿಂದೆ. ಸೂಟು ಬೂಟು ಹಾಕಿದ್ದ ರಾಯರನ್ನು ತಡೆದರು.

"ಐದು ನಿಮಿಷ" ಎಂದು ರಾಯರು ಹೋಟೆಲಿನ ಕಡೆ ಓಡಿದರು. ತಿರುಗಿ ಬಂದಾಗ ನಾನು ಗುರುತು ಹಿಡಿಯಲಿಲ್ಲ. ಹೋಟೆಲಿನ ಬೆಡ್‌ಶೀಟು ಕಚ್ಚೆಪಂಚೆಯಾಗಿತ್ತು. ಕಿಟಕಿಯ ಜರಿ ಪರದೆ ಹೆಗಲ ಮೇಲಿನ ಶಲ್ಯ. ಸ್ನಾನದ ಟವೆಲ್ಲು ತಲೆಗೆ ಮೈಸೂರು ಪೇಟ. ಕೈಯಲ್ಲಿ ಹೋಟೆಲಿನ ಹೂದಾನಿಯಲ್ಲಿದ್ದ ಹೂವು. ಹಗ್ಗದವನು ಅವರಿಗೆ ಇನ್ನೂ ಜಾಸ್ತಿ ಬಗ್ಗಿದ. ಪ್ರವಾಸಿಗಳು ಅವ್ವನನ್ನು ಬಿಟ್ಟು ರಾಯರ ಫೋಟೋ ತೆಗೆದರು. ರಾಯರು ಅಂಬಾರಿಯ ಮೇಲೆ ಕೂತವರಂತೆ ಎಡಕ್ಕೂ ಬಲಕ್ಕೂ ಕೈ ಬೀಸುತ್ತ ನಡೆದರು.

ಮೆರವಣಿಗೆಯ ಕೊನೆಗೆ ಅಟ್ಟಣಿಗೆ ಕಟ್ಟಿ, ಬೆಟ್ಟದಷ್ಟು ಹೂವಿನ ತುದಿಯಲ್ಲಿ ದೇವಿಯನ್ನು ನಿಲ್ಲಿಸಿದ್ದರು. ಅವ್ವ ಹೂ ಕೊಟ್ಟರು. ಆಮೇಲೆ ಸೆರಗಿನಿಂದ ಉಡಿಯ ಗಂಟು ತೆಗೆದರು. ಹೂ ತೆಗೆದುಕೊಳ್ಳುತ್ತಿದ್ದ ಹುಡುಗಿ ನಗುತ್ತ ಕೈ ಆಡಿಸಿದಳು, ಹೂವು ಮಾತ್ರ. ಅವ್ವ ಕತ್ತೆತ್ತಿ ಮೇಲೆ ನೋಡಿ, "ಹೂ ಏರಿಸಿದ್ದಾತು. ಉಡಿ ಹಾಕಬೇಕಂದ್ರ ಆಕಿ ನನ್ನ ಕೈಗೆ ನಿಲುಕಬೇಕಲ್ಲ ತಂಗೀ?" ಎಂದರು. ನಾಳೆ ಬೆಳಿಗ್ಗೆ ಇಗರ್ಜಿಯೊಳಗೇ ಹೋಗೋಣ ಎಂದೆ.

ಮುಂದಿನ ವರ್ಷ ನಮ್ಮ ಆಫೀಸಿಗೆ ಆ ಹಬ್ಬದ ಹೊಸ ಬಣ್ಣದ ಪುಸ್ತಿಕೆ ಬಂತು. ಮುಖಪುಟದಲ್ಲಿ ನಮ್ಮ ರಾಯರು, ಪೇಟದ ಸಮೇತ. ಕೆಳಗೆ ಇಂಗ್ಲಿಷಿನಲ್ಲಿ, ‘ಪ್ರಾಚೀನ ಉಡುಪಿನಲ್ಲಿ ಊರಿನ ಹಿರಿಯರು’ ಎಂದಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಕಚ್ಚೆಯ ನೆರಿಗೆಯ ಮೇಲೆ ರೂಮು ನಂಬರು ಓದಬಹುದಿತ್ತು.

೭. ರಾಣಿಯ ಕೈ

ಮಾರನೆಯ ದಿನ ಮಧ್ಯಾಹ್ನಕ್ಕೆ ನಮ್ಮ ಬಸ್ಸು ಮ್ಯಾಡ್ರಿಡ್‌ಗೆ ಹೊರಡಬೇಕಿತ್ತು. ಅಲ್ಲಿಂದ ಅವ್ವ ತಂಡದ ಕೆಲವರ ಜೊತೆ ಬಾಂಬೆ ವಿಮಾನ ಹತ್ತುತ್ತಾರೆ, ಊರು ಮುಟ್ಟುವ ಹೊತ್ತಿಗೆ ನವರಾತ್ರಿ ಮುಗಿದಿರುತ್ತದೆ. ಉಳಿದಿದ್ದು ಅದೊಂದು ಬೆಳಿಗ್ಗೆ. ಅವ್ವನನ್ನು ಕರೆದುಕೊಂಡು ಇಗರ್ಜಿಯ ಒಳಗೆ ಹೋದೆ. ಕಾಲಿಡಲು ಜಾಗವಿರಲಿಲ್ಲ. ದೇವಿ ದೂರದಲ್ಲಿ ಚುಕ್ಕಿಯಷ್ಟು ಕಂಡಳು, ಹೊಸ ಹೊದಿಕೆ ಹೊದ್ದಿದ್ದಳು. ಜನ ನಮ್ಮನ್ನು ಒಂದು ಬಾಗಿಲಿನಿಂದ ಒಳಗೆ ತಳ್ಳಿ ಇನ್ನೊಂದರಿಂದ ಹೊರಗೆ ತಳ್ಳಿದರು.

ಅವ್ವ ಪಕ್ಕದ ಓಣಿಯ ಕಟ್ಟೆಯೊಂದರ ಮೇಲೆ ಕೂತುಬಿಟ್ಟರು. ಕಾಯಿ ಮಡಿಲಲ್ಲಿತ್ತು. "ದವಾಖಾನಿಯೊಳಗ ಸೊಸಿ ಚೀರೂದು ಕೇಳಿ ಹೇಳಿದ ಮಾತದು. ಆಕಿ ಕೇಳಿದಳು, ಕೊಟ್ಟಳು. ನಾನ ಕೊಡಲಿಲ್ಲ ಅಂತಾತು" ಎಂದು ಕಣ್ಣೊರೆಸಿಕೊಂಡರು. ದಿನಾ ಸೀರೆ ಬದಲಾಯಿಸುತ್ತಾರೆ ಎಂದು ಫೋನಿನಲ್ಲಿ ಆಸೆ ಹುಟ್ಟಿಸಿದವಳು ನಾನು. ತಂಡದವರೆಲ್ಲ ಸುತ್ತ ನಿಂತಿದ್ದರು.

ಆಗ ಬ್ಯಾಂಡಿನ ಸದ್ದು ಕೇಳಿಸಿತು. ಓಣಿಯ ತುದಿಯಿಂದ ರಾಜ ರಾಣಿ ಗೊಂಬೆಗಳು ತೂಗಾಡುತ್ತ ಬಂದವು.

"ಇದು ನಮ್ಮ ದಸರೆಯ ಗಾರುಡಿ ಗೊಂಬೆ ಕಣ್ರೀ, ಒಳಗೆ ಮನುಷ್ಯ ಇರ್ತಾನೆ. ನಮ್ಮಿಂದಲೇ ಕದ್ದಿರೋದು" ಎಂದರು ರಾಯರು. ಅವರು ಬಂದಾಗಿನಿಂದ ಅಲ್ಲಿದ್ದ ಎಲ್ಲವನ್ನೂ ಮೈಸೂರಿನಿಂದ ಕದ್ದದ್ದು ಎಂದೇ ಹೇಳುತ್ತಿದ್ದರು, ಆದ್ದರಿಂದ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬ್ಯಾಂಡಿನವರು ನೀರು ಕುಡಿಯಲು ನಿಂತರು. ರಾಣಿ ಸರಿಯಾಗಿ ಅವ್ವನ ಎದುರಿಗೆ ನಿಂತಳು. ಕಿರೀಟ, ಮುತ್ತಿನ ಸರ, ನೆಲ ಮುಟ್ಟುವ ಹಸಿರು ಲಂಗ.

ಅವ್ವ ಎದ್ದರು. "ನಾ ಹೋಗಾಕ ಆಗಲಿಲ್ಲ ಅಂತ ತಾನ ಬಂದಳು."

ನಾನು "ಅವ್ವಾ, ಅದು ದೇವಿ" ಎನ್ನುವಷ್ಟರಲ್ಲಿ, ‘ಅಲ್ಲ’ ಎಂಬುದು ನನ್ನ ಬಾಯಲ್ಲೇ ಉಳಿಯಿತು. ಅವರು ಆಗಲೇ ರಾಣಿಯ ಲಂಗಕ್ಕೆ ಅರಿಶಿನ ಕುಂಕುಮ ಹಚ್ಚಿಯಾಗಿತ್ತು. ಲಂಗದ ಮಡಿಕೆಯಲ್ಲಿ, ಒಳಗಿನವನು ಹೊರಗೆ ನೋಡಲು, ಒಂದು ಕಿಂಡಿ ಇತ್ತು. ಅವ್ವನಿಗೆ ಅದು ಮಡಿಲಿನ ಹಾಗೆ ಕಂಡಿರಬೇಕು. ಏನೋ ಮಂತ್ರದಂಥದ್ದು ಹೇಳಿಕೊಳ್ಳುತ್ತ ಮುಷ್ಟಿ ಮುಷ್ಟಿ ಅಕ್ಕಿಯನ್ನು ಅದರೊಳಗೆ ಹಾಕಿದರು. ಒಳಗಿನಿಂದ ಸಣ್ಣದಾಗಿ ಕೆಮ್ಮು ಕೇಳಿಸಿತು. ಖಣ ಹಾಕಿದರು, ಬಳೆ ಹಾಕಿದರು, ಅರಿಶಿನದ ಕೊಂಬು, ಬಾಳೆಹಣ್ಣು ಹಾಕಿದರು. ಕೊನೆಗೆ ಎರಡೂ ಕೈಯಲ್ಲಿ ಕಾಯಿ ಹಿಡಿದರು.

ಆಗ ಕಿಂಡಿಯಿಂದ ಒಂದು ಕೈ ಹೊರಗೆ ಬಂತು. ರೋಮ ತುಂಬಿದ ಕೈ, ಮಣಿಕಟ್ಟಿನಲ್ಲಿ ವಾಚು. ಕಾಯಿಯನ್ನು ಜುಟ್ಟು ಹಿಡಿದು ಒಳಗೆ ತೆಗೆದುಕೊಂಡಿತು. ಒಂದು ದಪ್ಪ ಸ್ವರ "ಗ್ರಾಸಿಯಸ್" ಎಂದಿತು.

ಅವ್ವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. "ಕೈ ಒಡ್ಡಿ ತಗೊಂಡಳು. ಏನಂದಳು ತಂಗೀ?"

"ತುಂಬ ಸಂತೋಷ ಆಯ್ತು ಅಂದಳು ಅವ್ವಾ."

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ರಾಯರ ಮಗಳ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ. ಬಗ್ಗಿ ಲಂಗದ ಕೆಳಗೆ ನೋಡಿದವಳೇ, "ದೇರ್ ಈಸ್ ಎ ಮ್ಯಾನ್ ಇನ್ ದೇರ್, ಅಜ್ಜಿ. ಹಿ ಹ್ಯಾಸ್ ಎ ಮಸ್ಟ್ಯಾಷ್" ಎಂದು ಮೀಸೆ ತಿರುವಿ ತೋರಿಸಿಬಿಟ್ಟಳು. ಅಷ್ಟರಲ್ಲಿ ಲಂಗ ಎತ್ತಿಕೊಂಡು ಆ ಮನುಷ್ಯ ತಾನೇ ಹೊರಗೆ ಬಂದ. ತಲೆಯ ತುಂಬ ಅಕ್ಕಿ, ಮೂಗಿನ ಮೇಲೆ ಅರಿಶಿನ, ಖಣದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಜುಟ್ಟು ಹಿಡಿದು ತೂಗುಹಾಕಿದ ಕಾಯಿ, ಇನ್ನೊಂದರಲ್ಲಿ ಅರ್ಧ ತಿಂದ ಬಾಳೆಹಣ್ಣು.

ಹರಕೆ ಕೆಟ್ಟಿತು, ಅವ್ವ ಇಲ್ಲೇ ಕುಸಿದು ಬೀಳುತ್ತಾರೆ ಎಂದುಕೊಂಡೆ. ಹೃದಯದ ಡಾಕ್ಟರು ಮುಂದೆ ಬಂದು ನಿಂತೇಬಿಟ್ಟರು.

ಅವ್ವ ಅವನನ್ನು ಮೀಸೆಯಿಂದ ಬೂಟಿನ ತನಕ ನೋಡಿದರು. ಕಣ್ಣೊರೆಸಿಕೊಂಡರು. "ಇಂವಗ ಹೇಣ್ತಿ ಅದಾಳೇನು ಕೇಳು."

ಕೇಳಿದೆ. ಇದ್ದಾಳೆ ಎಂದ.

"ಮಕ್ಕಳು?"

ಅವನು ಬಾಳೆಹಣ್ಣು ಕೆಳಗಿಳಿಸಿ ತಲೆ ಅಲ್ಲಾಡಿಸಿದ. ಮದುವೆಯಾಗಿ ತುಂಬ ವರ್ಷವಾಯಿತಂತೆ.

"ಹಂಗಾರ ಇನ್ನ ಛಲೋ ಆತು. ಮುತ್ತೈದಿ ಉಡಿ ತುಂಬಿದ್ರ ದೇವಿ ಉಡಿ ತುಂಬಿಧಂಗ. ದೇವಿ ಇಂವನ ಕೈಯಾಗ ತನ್ನ ಉಡಿ ಮನಿಗೆ ಕಳಿಸ್ಯಾಳ. ಎಲ್ಲಾ ಒಯ್ದು ಹೇಣ್ತಿ ಮಡಿಲಾಗ ಹಾಕು ಅನ್ನು. ದಾರಿಯಾಗ ನಿಂತು ತಿನ್ನೂದಲ್ಲ ಅದು." ಕೊನೆಯ ಮಾತನ್ನು ಅವನ ಮುಖಕ್ಕೇ ಧಾರವಾಡದ ಕನ್ನಡದಲ್ಲಿ ಗದರಿಸಿದರು. ಅವನು ಬಾಳೆಹಣ್ಣನ್ನು ತಕ್ಷಣ ಬೆನ್ನ ಹಿಂದೆ ಮುಚ್ಚಿಟ್ಟ. ನನ್ನ ಟೊಮೆಟೊ ಈರುಳ್ಳಿ ಸ್ಪ್ಯಾನಿಷ್‌ನಲ್ಲಿ ಉಳಿದದ್ದನ್ನು ತಿಳಿಸಿದೆ. ಅವನು ನೆಲಕ್ಕೆ ಬಿದ್ದ ಅಕ್ಕಿಯನ್ನೂ ಆರಿಸಿ ಖಣದಲ್ಲಿ ಕಟ್ಟಿಕೊಂಡ. ಅವ್ವ ಹಗುರಾಗಿ ಬಸ್ಸು ಹತ್ತಿ, ಮ್ಯಾಡ್ರಿಡ್ ತನಕ ಗೊರಕೆ ಹೊಡೆದರು.

ಮುಂದಿನ ವರ್ಷ ಹೊಸ ತಂಡ ಕಟ್ಟಿಕೊಂಡು ಹೊರಟಾಗ, ಧಾರವಾಡದಿಂದ ಅವ್ವ ಪೋಸ್ಟಿನಲ್ಲಿ ಮಗನ ಮೂಲಕ ನನಗೆ ಒಂದು ಖಣ ಕಳಿಸಿ, ಆ ರಾಣಿಗೆ ಈ ವರ್ಷವೂ ಉಡಿ ಮುಟ್ಟಿಸಬೇಕೆಂದು ಅಪ್ಪಣೆ ಮಾಡಿದ್ದರು. ಮೊಮ್ಮಗಳು ನಡೆಯಲು ಕಲಿತಳಂತೆ, ಆ ಸಂತೋಷಕ್ಕೆ. ರಾಯರು ಇನ್ನೊಂದು ಕಾಯಿಗೆ ಜುಟ್ಟು ಅಂಟಿಸಿ ಕೊಟ್ಟರು. ಅವರ ಮನೆಯ ಮ್ಯಾಟಿನಲ್ಲಿ ಈಗ ‘ಲ್ಕಮ್’ ಮಾತ್ರ ಉಳಿದಿತ್ತು.

ಅದೇ ಓಣಿ, ಅದೇ ಹಸಿರು ಲಂಗದ ರಾಣಿ. ಓಣಿಯ ಬದಿಯಲ್ಲಿ ಒಬ್ಬ ಹೆಂಗಸು ತಳ್ಳುಗಾಡಿ ಹಿಡಿದು ನಿಂತಿದ್ದಳು. ನನ್ನ ಸೀರೆ ನೋಡಿದ್ದೇ ತಡ, ಓಡಿಬಂದು ನನ್ನನ್ನು ಅಪ್ಪಿಕೊಂಡು ಅತ್ತಳು, ನಕ್ಕಳು, ಗಾಡಿಯೊಳಗೆ ತೋರಿಸಿದಳು. ಅವಳಿ ಮಕ್ಕಳು, ಒಂದು ಹೆಣ್ಣು ಒಂದು ಗಂಡು. ಮಕ್ಕಳ ಕಾಲಮೇಲೆ ಅವ್ವನ ಹಳೆಯ ಖಣ ಹೊದಿಸಿತ್ತು. ಹೋದ ವರ್ಷದ ಕಾಯಿ ಮನೆಯಲ್ಲಿ ತೊಟ್ಟಿಲ ಮೇಲೆ ಜುಟ್ಟಿನಿಂದ ತೂಗುಹಾಕಿದೆಯಂತೆ. ನನಗೂ ಅಳು ಬಂತು. ಆ ಸಂತೋಷದಲ್ಲೇ ಹೊಸ ಖಣವನ್ನು ಅವಳ ಮಡಿಲಿಗೆ ಹಾಕಿ, ರಾಣಿಯ ಹತ್ತಿರ ಹೋಗಿ ಕಿಂಡಿಗೆ ಹಣ್ಣು ಕಾಯಿ ಒಡ್ಡಿದೆ.

ಒಳಗಿನಿಂದ ರೋಮದ ಕೈ ಹೊರಗೆ ಬಂತು. ಬಾಳೆಹಣ್ಣು ತೆಗೆದುಕೊಂಡಿತು. ಕಾಯಿಯನ್ನು ಮುಟ್ಟಿ ನೋಡಿ, ಜುಟ್ಟಿನ ಗುರುತು ಸಿಕ್ಕಿದ ಕೂಡಲೇ, ಗಟ್ಟಿಯಾಗಿ ನನ್ನ ಕಡೆಗೇ ತಳ್ಳಿತು. "ಸಿನ್ಯೋರಾ, ಬಾಳೆಹಣ್ಣು ಸಾಕು" ಎಂದು ಲಂಗ ಬೇಡಿಕೊಂಡಿತು.

ನನಗೆ ಮನೆಯಲ್ಲಿ ಆಗಲೇ ಇಬ್ಬರು ಮಕ್ಕಳಿದ್ದರು. ಕಾಯಿಯನ್ನು ಪಟ್ಟನೆ ಪಕ್ಕದಲ್ಲಿದ್ದವರ ಕೈಗೆ ದಾಟಿಸಿದೆ, ಅವರು ತಮ್ಮ ಪಕ್ಕದವರಿಗೆ, ಅವರು ಹಿಂದಿನವರಿಗೆ. ನಮ್ಮ ತಂಡದಲ್ಲಿ ಆ ವರ್ಷವೂ ಅರ್ಧಕ್ಕರ್ಧ ಡಾಕ್ಟರುಗಳೇ. ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಹೆಸರು ಮಾಡಿದವರು. ಬಸ್ಸು ಹೊರಡುವ ತನಕ ಒಬ್ಬರಾದರೂ ಅದನ್ನು ಕೈಯಲ್ಲಿ ಹಿಡಿದುಕೊಳ್ಳಲು ಒಪ್ಪಲಿಲ್ಲ.